ವಾರಂಟಿಗೆ ಸೇರದ ಕುಂಕುಮ

ಮಗಳಿಗೆ ಕೋವಿ ಕೊಡಿಸಿದೆವು ಎಂದು ಮೈಸೂರಿನ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ಅಲ್ಲೇನು ಓಲೆ, ಸರ ಸಿಗಲ್ವೇನೇ? ಹದಿನೇಳು ವರ್ಷದ ಹುಡುಗಿಗೆ ಕೋವಿ ಕೊಡಿಸೋದಾ?" ಎಂದಳು.

ಅವಳಿಗೆ ಏನೆಂದು ವಿವರಿಸಲಿ? ನನ್ನ ಮಗಳು ಹುಟ್ಟಿದ್ದು ಇಲ್ಲೇ, ಐರ್ಲೆಂಡಿನಲ್ಲೇ. ಆದರೂ ಶಾಲೆಯ ಯಾವ ಆಟಕ್ಕೂ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಎಡಚಿ ಬೇರೆ. ಬಾಯಿಬಿಟ್ಟು ಕೇಳುವ ಸ್ವಭಾವವೂ ಅಲ್ಲ. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳು ಇಲ್ಲಿಯವರ ರಾಗದಲ್ಲಿ ಇಂಗ್ಲಿಷಿನ ಒಂದು ಮಾತು ಉದುರಿಸಿ ರೂಮು ಸೇರಿಬಿಡುತ್ತಿದ್ದಳು. ಆ ಒಂದು ಮಾತು ಬಹುಪಾಲು 'ಗ್ರ್ಯಾಂಡ್'. ಈ ದೇಶದಲ್ಲಿ ಊಟ ಚೆನ್ನಾಗಿದ್ದರೂ ಗ್ರ್ಯಾಂಡ್, ಕಾಲು ಮುರಿದಿದ್ದರೂ ಗ್ರ್ಯಾಂಡ್. ಆ ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಭಾನುವಾರ ಅವಳ ಸಹಪಾಠಿಯ ಮನೆಯವರು, ಊರಾಚೆಯ ರೈತರು, ಅವಳನ್ನು ಕ್ಲೇ ಶೂಟಿಂಗ್ ಮೈದಾನಕ್ಕೆ ಕರೆದುಕೊಂಡು ಹೋದರು. ಒಂದು ಯಂತ್ರ ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ, ಅದು ನೆಲಕ್ಕೆ ಬೀಳುವುದರೊಳಗೆ ಹೊಡೆದು ಪುಡಿ ಮಾಡಬೇಕು, ಅಷ್ಟೇ ಆಟ. ಸಂಜೆ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದವಳು ಅಡುಗೆಮನೆಯ ಬಾಗಿಲಿಗೆ ಒರಗಿ ಮಾತಾಡಿದಳು, ಮಾತಾಡಿದಳು, ಮಾತಾಡುತ್ತಲೇ ಇದ್ದಳು. ಒಲೆಯ ಮೇಲಿನ ಸಾರು ಉಕ್ಕಿ ಹರಿದದ್ದು ನನ್ನ ಗಮನಕ್ಕೇ ಬರಲಿಲ್ಲ. ನನ್ನ ಮಗಳಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಅಂದು.

ನೋಡನೋಡುತ್ತ ಅವಳ ಕೈ ಎಷ್ಟು ಕುದುರಿತೆಂದರೆ ಕ್ಲಬ್ಬಿನ ಹಳಬರೇ ನಿಂತು ನೋಡುವಂತಾಯಿತು. ಬರುವ ಮಾರ್ಚಿನಲ್ಲಿ ಅವಳ ವಯಸ್ಸಿನವರ ದೇಶದ ತಂಡಕ್ಕೆ ಆಯ್ಕೆ ಇತ್ತು. ಆ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಗೋಡೆಯ ಮೇಲಿನ ಶಾಲಾವರ್ಷದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಟ್ಟಿದ್ದಳು. ಬೇರೆ ಯಾವುದಕ್ಕೂ ಆಸೆಪಡದ ಹುಡುಗಿ ಇದೊಂದನ್ನು ಬಾಯಿಬಿಟ್ಟು ಬೇಕು ಎಂದಿದ್ದಳು.

ಕ್ಲಬ್ಬಿನ ಹಿರಿಯರೊಬ್ಬರ ಹತ್ತಿರ ಎಡಗೈಯವರಿಗೆಂದೇ ಮಾಡಿಸಿದ ಹಳೆಯ ಜೋಡುನಳಿಗೆಯ ಕೋವಿ ಮಾರಾಟಕ್ಕಿತ್ತು. ನಾವು ಬೇಡ ಎಂದೆವು. ನಾನೂ ನನ್ನ ಗಂಡನೂ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ಬೆಳೆದ ಜನ. ಮಿಕ್ಸಿ ಕೊಳ್ಳಲಿ, ಕೋವಿ ಕೊಳ್ಳಲಿ, ಮೊದಲು ಕೇಳುವುದು ವಾರಂಟಿ. "ಸೆಕೆಂಡ್ ಹ್ಯಾಂಡ್ ತಗೊಂಡು ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?" ಎಂದ ನನ್ನ ಗಂಡ. ನಾನೂ ಹೌದೌದು ಎಂದೆ. ಹೊಸದನ್ನೇ ತಂದು, ಕಂಪನಿಯ ವೆಬ್‌ಸೈಟಿನಲ್ಲಿ ನೋಂದಾಯಿಸಿ ನೆಮ್ಮದಿಯಾಗಿ ಕೂತೆವು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಪ್ರತಿವರ್ಷದಂತೆ ಕಾರಿನ ಬೀಗದ ಕೈ, ಲ್ಯಾಪ್‌ಟಾಪು, ಚಾಕು, ಕತ್ತರಿ, ಹೊಲಿಗೆ ಮೆಷಿನ್ ಎಲ್ಲ ಜೋಡಿಸಿ ಕೂತಿದ್ದೆ. ಪೂಜೆ ಎಂದರೆ ರೂಮಿನಿಂದ ಇಣುಕಿಯೂ ನೋಡದ ಮಗಳು ಅಂದು ತಾನಾಗಿಯೇ ಬೀರುವಿನ ಬೀಗ ತೆಗೆದು ಕೋವಿ ತಂದಳು. "ಅಮ್ಮ, ಇದಕ್ಕೂ ಹಾಕು" ಎಂದಳು. ಕನ್ನಡದಲ್ಲಿ! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ನನ್ನ ಅಪ್ಪ ಮೈಸೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸದವರು. ಒಣ ಕುಂಕುಮ ಕಬ್ಬಿಣಕ್ಕೆ ನಿಲ್ಲುವುದಿಲ್ಲವೆಂದು ಅವರು ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಲೇತಿಗೆ ಇಡುತ್ತಿದ್ದರು. ನಾನೂ ಹಾಗೇ ಕಲಸಿದೆ. ಗುಂಡಿಲ್ಲದ ಕೋವಿಯನ್ನು ಮಗಳು ಕ್ಲಬ್ಬಿನಲ್ಲಿ ಕಲಿಸಿದಂತೆ ಮಧ್ಯಕ್ಕೆ ಮಡಚಿ, ತೆರೆದೇ ಹಿಡಿದಿದ್ದಳು. ತೆರೆದ ಜಾಗದಲ್ಲಿ ನುಣುಪಾದ ಉಕ್ಕಿನ ಮುಖ, ಅದರಲ್ಲಿ ಎರಡು ಸಣ್ಣ ತೂತು. ತೋಟಾ ಸಿಡಿಸಲು ಅದಕ್ಕೆ ಬಡಿಯುವ ಪಿನ್ನುಗಳು ಹೊರಬರುವುದು ಅಲ್ಲಿಂದ. ನನಗೆ ಅದೇ ಹಣೆಯ ಹಾಗೆ ಕಂಡಿತು. ಎರಡಕ್ಕೂ ಹೆಬ್ಬೆರಳಿನಿಂದ ಒತ್ತಿ ಬೊಟ್ಟಿಟ್ಟೆ. ಆರತಿ ಎತ್ತುವಾಗ ಮಗಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಮರುದಿನ ಮೇಲೆ ಕಂಡದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಕೋವಿಯನ್ನು ಒಳಗಿಟ್ಟಳು.

ನವೆಂಬರಿನಲ್ಲಿ ಚಳಿ ಬಿದ್ದ ಮೇಲೆ ಕೋವಿ ಕೈಕೊಟ್ಟಿತು. ಬಿಲ್ಲೆ ಹಾರುತ್ತದೆ, ಮಗಳು ಟ್ರಿಗರ್ ಒತ್ತುತ್ತಾಳೆ, ಟಕ್ ಎಂಬ ಸದ್ದು ಬಿಟ್ಟು ಇನ್ನೇನೂ ಇಲ್ಲ. ಒಮ್ಮೆ ಹೊಡೆದರೆ ಇನ್ನೊಮ್ಮೆ ಇಲ್ಲ. ಮಾರಿದ ಅಂಗಡಿಯವನ ಹತ್ತಿರ ಓಡಿದೆವು. ಅವನು ಒಳ್ಳೆಯ ಮನುಷ್ಯ. "ನಾನು ಬಿಚ್ಚಿ ನೋಡಬಹುದು, ಆದರೆ ಬಿಚ್ಚಿದರೆ ವಾರಂಟಿ ಹೋಗುತ್ತದೆ" ಎಂದ. ನಾನೂ ನನ್ನ ಗಂಡನೂ ಒಟ್ಟಿಗೇ "ನೋ, ನೋ" ಎಂದು ಕೂಗಿದ್ದು ನನಗಿನ್ನೂ ನೆನಪಿದೆ. ಕೋವಿ ಸಮುದ್ರ ದಾಟಿ ಕಂಪನಿಯ ಕಾರ್ಖಾನೆಗೆ ಹೋಯಿತು.

ಇಲ್ಲಿ ಕೋವಿಯನ್ನು ಕೊರಿಯರಿನವನ ಕೈಗೆ ಕೊಟ್ಟು ಕಳಿಸುವಂತಿಲ್ಲ. ಅಂಗಡಿಯಿಂದ ಆಮದುದಾರ, ಅವನಿಂದ ಕಂಪನಿ, ಎಲ್ಲೆಲ್ಲೂ ಪರವಾನಗಿ. ಕಂಪನಿಗೆ ಫೋನ್ ಮಾಡಿದರೆ ಸಂಗೀತ. ಆ ಸಂಗೀತದ ನಡುನಡುವೆ ಒಬ್ಬಳು ಹೆಂಗಸು ನೀವು ನಮಗೆ ಬಹಳ ಮುಖ್ಯ ಎನ್ನುತ್ತಾಳೆ. ಲೀಕ್ಸ್‌ಲಿಪ್ ಎಂಬ ಊರಿನಲ್ಲಿ ನನ್ನ ಕೆಲಸ ಮುಗಿಸಿ, ಕಾರಿನಲ್ಲಿ ಫೋನ್ ಹಾಕಿಕೊಂಡು ಮನೆ ಸೇರುವವರೆಗೂ ನಾನು ಮುಖ್ಯಳಾಗಿಯೇ ಉಳಿಯುತ್ತಿದ್ದೆ.

ಜನವರಿಯಲ್ಲಿ ಕೋವಿ ವಾಪಸ್ಸು ಬಂತು. ಜೊತೆಗೆ ಒಂದೇ ಸಾಲಿನ ವರದಿ: ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ. ಮಗಳು ಕುಣಿದಾಡಿದಳು. ಮಾರನೆಯ ಬೆಳಿಗ್ಗೆ ಮಂಜು ಬಿದ್ದ ಮೈದಾನಕ್ಕೆ ಹೋದಳು. ಟಕ್. ಮತ್ತೆ ಟಕ್. ಕೋವಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಕಾರಿನತ್ತ ನಡೆದು ಬಂದಳು. "ಇಟ್ಸ್ ಗ್ರ್ಯಾಂಡ್" ಎಂದಳು.

ನನ್ನ ಪಿತ್ತ ನೆತ್ತಿಗೇರಿತು. ಕೋವಿಯನ್ನು ಮತ್ತೆ ಕಳಿಸಿ, ಕಂಪನಿಗೆ ಬರೆದ ಇಮೇಲುಗಳನ್ನು ಈಗ ಓದಲು ನನಗೇ ನಾಚಿಕೆ. ಕಳ್ಳರು, ಮೋಸಗಾರರು, ಒಂದು ಹುಡುಗಿಯ ಬಾಳು ಹಾಳು ಮಾಡುತ್ತಿದ್ದೀರಿ ಎಂದೆಲ್ಲ ಬರೆದೆ. ಪ್ರತಿಯೊಂದಕ್ಕೂ ಅದೇ ಸಕ್ಕರೆಯಂಥ ಉತ್ತರ: ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ನಿಮ್ಮ ಟಿಕೆಟ್, ಎಂದರೆ ದೂರಿನ ನಂಬರು, ಸರದಿಯಲ್ಲಿದೆ.

ಫೆಬ್ರವರಿಯ ಒಂದು ಶನಿವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಚ್ಚಲಿಗೆ ಹೋದೆ. ಹೀಟರ್ ಹಾಕಿರಲಿಲ್ಲ. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಮೇಣದಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಚಮಚದ ಹಿಂಬದಿಯಿಂದ ಕೆರೆದು ಅಂಗೈಗೆ ಹಾಕಿಕೊಂಡೆ, ಅಂಗೈ ಬಿಸಿಗೆ ಅದು ನೀರಾಯಿತು. ಈ ದೇಶಕ್ಕೆ ಬಂದಾಗಿನಿಂದ ಪ್ರತಿ ಚಳಿಗಾಲವೂ ಮಾಡುವ ಕೆಲಸವೇ. ಅಂದು ಮಾತ್ರ ಅಂಗೈ ನೋಡುತ್ತ ನಿಂತಲ್ಲೇ ನಿಂತೆ. ಕಂಪನಿಯ ಬಿಸಿ ಕೋಣೆಯಲ್ಲಿ ದೋಷವಿಲ್ಲ. ಚಳಿಯಲ್ಲಿ ಟಕ್. ಕೋವಿಗಿಟ್ಟ ಕುಂಕುಮವನ್ನು ನಾನು ಕಲಸಿದ್ದೂ ಇದೇ ಎಣ್ಣೆಯಲ್ಲಿ.

ನನ್ನ ಕೆಲಸವಿರುವುದು ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ. ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ, ಕಣ್ಣೊಂದನ್ನು ಬಿಟ್ಟು ಇನ್ನೇನೂ ಕಾಣಬಾರದು. ಕುಂಕುಮವಿರಲಿ, ಮುಖಕ್ಕೆ ಕ್ರೀಮು ಹಚ್ಚಿಕೊಂಡು ಒಳಗೆ ಹೋಗುವಂತಿಲ್ಲ. ಧೂಳಿನ ಕಣವೊಂದು ಎಲ್ಲಿ ನುಸುಳೀತು ಎಂದು ಕಾಯುವುದಕ್ಕೇ ನನಗೆ ಸಂಬಳ. ಅಂಥವಳು ಮಗಳ ಕೋವಿಯ ತೂತಿಗೆ ಹೆಬ್ಬೆರಳಿಟ್ಟು ಕುಂಕುಮ ತುಂಬಿದ್ದೆ.

ನೇರ ಮಗಳ ರೂಮಿಗೆ ಹೋಗಿ ಹೇಳಿದೆ. ಅವಳು ನನ್ನ ಎಣ್ಣೆಗೈಯನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದರೆ ಅವರಿಗೆ ಹೇಳು, ಇನ್ನೂ ಟೈಮ್ ಇದೆ" ಎಂದಳು ಇಂಗ್ಲಿಷಿನಲ್ಲಿ. ಇದು ಅವಳಿಗೆ ಅಷ್ಟು ಸರಳವಾಗಿ ಕಂಡಿತು.

ಹೇಳಿದರೆ ವಾರಂಟಿ ಮಣ್ಣುಪಾಲು ಎಂದು ನನ್ನ ಗಂಡ ಗೊಣಗಿದ. "ಸಾಯ್ಲಿ ಆ ವಾರಂಟಿ" ಎಂದು ನಾನು ಕಿರುಚಿದೆ. ಫೋನ್ ಹಚ್ಚಿದೆ. ಸಂಗೀತ ಮುಗಿದ ಮೇಲೆ ಸಿಕ್ಕ ಹುಡುಗನಿಗೆ, ತಪ್ಪು ನಮ್ಮದು, ಒಳಗೆ ಎಣ್ಣೆ ಸೇರಿದೆ, ಚಳಿಗೆ ಗಟ್ಟಿಯಾಗುತ್ತದೆ, ಪಿನ್ನುಗಳನ್ನು ಬಿಚ್ಚಿ ತೊಳೆದರೆ ಸಾಕು, ಖರ್ಚು ನಾವೇ ಕೊಡುತ್ತೇವೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, ವಾರಂಟಿ ಟಿಕೆಟ್ಟಿಗೆ ಹೊಸ ಮಾಹಿತಿ ಸೇರಿಸಲು ಬರುವುದಿಲ್ಲ ಎಂದ. ಅದನ್ನು ರದ್ದು ಮಾಡಿ, ಹಣ ಕೊಡುವ ರಿಪೇರಿಗೆ ಹೊಸ ಟಿಕೆಟ್ ತೆಗೆಯಬೇಕು. ತೆಗೆದರೆ ಸರದಿಯ ಕೊನೆಗೆ ಹೋಗುತ್ತದೆ. ಹಾಗಿದ್ದರೆ ಮುಟ್ಟದೇ ವಾಪಸ್ಸು ಕಳಿಸಿ, ಇಲ್ಲೇ ತೊಳೆಸುತ್ತೇವೆ ಎಂದೆ. ಪರೀಕ್ಷೆ ಮುಗಿಯದೆ ಕಳಿಸಲು ನಿಯಮವಿಲ್ಲ ಎಂದ. ಅಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ. ಪ್ಲೀಸ್ ಎಂದೆ. ಪ್ಲೀಸ್, ಪ್ಲೀಸ್ ಎಂದೆ. ಇನ್ನೇನಾದರೂ ಸಹಾಯ ಬೇಕೇ ಎಂದು ಅವನು ಕೇಳಿದ.

ಅಂಗಡಿಯವನೂ ನಮ್ಮ ಪರವಾಗಿ ಬರೆದ, ಆಮದುದಾರನೂ ಕೇಳಿದ. ಮೂರು ತಿಂಗಳು ನಾನು ತಪ್ಪು ನಿಮ್ಮದು ಎಂದು ಅರಚಿದಾಗ ಕೇಳದವರು, ತಪ್ಪು ನನ್ನದು ಎಂದು ಅತ್ತಾಗಲೂ ಕೇಳಲಿಲ್ಲ. ಬೇರೆಯವರ ಕೋವಿ ತಂದುಕೊಳ್ಳೋಣವೆಂದರೆ ಪ್ರತಿ ಕೋವಿಗೂ ಬೇರೆ ಪರವಾನಗಿ, ಪೊಲೀಸರ ಒಪ್ಪಿಗೆ ಬರುವಷ್ಟರಲ್ಲಿ ಮಾರ್ಚ್ ಕಳೆಯುತ್ತದೆ. ಆ ಹಿರಿಯರ ಎಡಗೈ ಕೋವಿ ಯಾವಾಗಲೋ ಮಾರಾಟವಾಗಿತ್ತು. ಉಳಿದದ್ದು ಬೇರೆ ಪರವಾನಗಿ ಬೇಡದ, ಮೈದಾನದೊಳಗೆ ಮಾತ್ರ ಹೊಸಬರ ಕೈಗೆ ಕೊಡುವ ಕ್ಲಬ್ಬಿನ ಕೋವಿ. ಬಲಗೈಯವರದು, ಅವಳಿಗೆ ಉದ್ದ ಬೇರೆ.

ಆಯ್ಕೆ ನಮ್ಮ ಕ್ಲಬ್ಬಿನ ಮೈದಾನದಲ್ಲೇ ಇತ್ತು. ಅಂದು ಗಾಳಿ ಮುಖಕ್ಕೆ ರಾಚುತ್ತಿತ್ತು. ನಾನು ತಂತಿಬೇಲಿಯ ಈಚೆ ನಿಂತಿದ್ದೆ. ಮೊದಲ ಬಿಲ್ಲೆ ಪುಡಿಯಾದಾಗ ನಾನು ಬೇಲಿಯನ್ನೇ ಹಿಡಿದು ಹಾರಿದೆ. ಆಮೇಲೆ ಒಂದು ತಪ್ಪಿತು. ಇನ್ನೊಂದು ತಪ್ಪಿತು. ಆ ಕೋವಿಯ ಹಿಡಿ ಪ್ರತಿಸಲ ಅವಳ ಕೆನ್ನೆಗೆ ಗುದ್ದುತ್ತಿತ್ತು, ಅವಳು ತಲೆ ವಾಲಿಸಿ, ಭುಜ ಕುಗ್ಗಿಸಿ ಹೇಗೋ ಹೊಂದಿಸಿಕೊಳ್ಳುತ್ತಿದ್ದಳು. ಇಡೀ ಬಿಲ್ಲೆಗಳು ತೇಲಿ ಹೋಗಿ ಹುಲ್ಲಿನ ಮೇಲೆ ಬೀಳುತ್ತಿದ್ದವು. ದೇವರೇ, ಒಂದಾದರೂ ಒಡೆಯಲಿ ಎಂದು ಬೇಡಿಕೊಳ್ಳಲೂ ನನಗೆ ಧೈರ್ಯ ಬರಲಿಲ್ಲ. ದೇವರನ್ನು ಕರೆದದ್ದಕ್ಕೇ ಇಷ್ಟಾಗಿತ್ತಲ್ಲ.

ಹೆಸರುಗಳನ್ನು ಓದಿದಾಗ ಅವಳದು ಇರಲಿಲ್ಲ. ಆಯ್ಕೆಯಾದ ಹುಡುಗಿಯ ಕೈ ಕುಲುಕಿ ಬಂದಳು. ಕೆನ್ನೆ ಊದಿ ನೀಲಿಗಟ್ಟಿತ್ತು. ಕಾರಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಐ ಆಮ್ ಗ್ರ್ಯಾಂಡ್, ಅಮ್ಮ" ಎಂದು ಕಿಟಕಿಯ ಕಡೆ ತಿರುಗಿದಳು. ಮನೆಗೆ ಬಂದು ಕ್ಯಾಲೆಂಡರಿನ ಆ ತಿಂಗಳ ಹಾಳೆ ಹರಿದು ಹಾಕಿದಳು. ಆಮೇಲೆ ಮೈದಾನಕ್ಕೂ ಹೋಗಲಿಲ್ಲ. ಬಾಗಿಲಿಗೆ ಒರಗಿ ಮಾತಾಡುವುದೂ ನಿಂತಿತು.

ಮೇ ತಿಂಗಳಲ್ಲಿ, ಬಿಸಿಲು ಬಂದ ಮೇಲೆ, ಅಂಗಡಿಯವ ಫೋನ್ ಮಾಡಿದ. ಕೋವಿ ಬಂದಿದೆ. ವರದಿಯೂ ಬಂದಿದೆ: ದೋಷ ಕಂಡುಬಂದಿಲ್ಲ. ನನ್ನ ಇಮೇಲಿಗೆ ಬೇರೆ ಒಂದು ಪ್ರಶ್ನೆ ಬಂದಿತ್ತು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಅಂತ. ನಗಬೇಕೋ, ಮೈ ಪರಚಿಕೊಳ್ಳಬೇಕೋ ತಿಳಿಯಲಿಲ್ಲ.

ಮಗಳು ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಪರವಾನಗಿ ಅವಳ ಹೆಸರಿನಲ್ಲಿತ್ತಲ್ಲ. "ಬಿಚ್ಚಲೇ? ವಾರಂಟಿ ಇನ್ನೂ ಉಳಿದಿದೆ" ಎಂದು ಅಂಗಡಿಯವ ನನ್ನ ಮುಖ ನೋಡಿದ. ಬಿಚ್ಚಿ ಎಂದವಳು ಮಗಳು.

ಅವನು ಪಿನ್ನುಗಳನ್ನು ಹೊರಗೆಳೆದು ಬಿಳಿ ಬಟ್ಟೆಯ ಮೇಲೆ ಇಟ್ಟ. ಮೈತುಂಬ ಕೆಂಪು ಮೆತ್ತಿಕೊಂಡಿತ್ತು. ಸಣ್ಣ ಕಡ್ಡಿಯಿಂದ ತೂತಿನ ಒಳಗಿನದನ್ನೂ ತೆಗೆದ. ಕೆಲಸ ಅಷ್ಟೇ. ನವೆಂಬರಿನಲ್ಲೇ ಆಗಬಹುದಾಗಿದ್ದ ಕೆಲಸ. ಅವನು ಬಟ್ಟೆ ಎತ್ತಿ ಮೂಸಿ ನೋಡಿ, "ಇದೇನಿದು, ಲಿಪ್‌ಸ್ಟಿಕ್ಕೇ? ಯಾರು ಹಾಕಿದ್ದು?" ಎಂದು ಕೇಳಿದ.

ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು, "ನನ್ನದು. ನಾನೇ ಕೇಳಿ ಹಾಕಿಸಿಕೊಂಡಿದ್ದು" ಎಂದಳು.

ಅವನು ತಲೆಯಾಡಿಸಿ ಬಟ್ಟೆಯನ್ನು ಕಸದಬುಟ್ಟಿಗೆ ಹಾಕಲು ಹೋದ. ಅವಳು ಕೈಚಾಚಿ ಅದನ್ನು ಇಸಿದುಕೊಂಡಳು. "ಅಮ್ಮ, ಕುಂಕುಮ ಬಿನ್‌ಗೆ ಹಾಕಬಾರ್ದು ಅಲ್ವಾ?" ಎಂದು ನನ್ನನ್ನು ಕೇಳಿ, ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗಿಟ್ಟುಕೊಂಡಳು.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಅವಳು ಅತ್ತಳು. ಮಾರ್ಚಿನಿಂದ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಅತ್ತಳು, ಚಿಕ್ಕ ಮಗುವಿನ ಹಾಗೆ, ಬಿಕ್ಕಿ ಬಿಕ್ಕಿ. ನಾನು ಕಾರು ಸ್ಟಾರ್ಟ್ ಮಾಡಲಿಲ್ಲ. ಅವಳ ಕೈ ಹಿಡಿದುಕೊಂಡು ನಾನೂ ಅತ್ತೆ. ಅಂಗಡಿಯವ ಕಿಟಕಿಯ ಬಳಿ ಬಂದು, ನೀವಿಬ್ಬರೂ ಗ್ರ್ಯಾಂಡ್ ತಾನೇ ಎಂದು ಕೇಳಿದ. ಅಂದು ಮೊದಲ ಸಲ ಅವಳು ಇಲ್ಲ ಎಂದಳು.