ಒಬ್ಬ ಕಳ್ಳನಿಗಾಗಿ ಶಂಭುಲಿಂಗ

ಶಿರಸಿಯ ಶಂಭುಲಿಂಗ ವಿಮಾ ಕಂಪನಿಯ ತನಿಖೆದಾರ. ಕೇಳುವುದಕ್ಕೆ ಗತ್ತಿನ ಹೆಸರು. ಮಾಡುವುದು ಮಾತ್ರ ಗುದ್ದಿಸಿಕೊಂಡ ಗಾಡಿಗಳ ತಗ್ಗಿಗೆ ಬೆರಳಿಟ್ಟು ನೋಡುವ ಕೆಲಸ. ಸಿದ್ದಾಪುರದಲ್ಲಿ ಎತ್ತು ಹಾಯ್ದ ಜೀಪು, ಯಲ್ಲಾಪುರದಲ್ಲಿ ಹಲಸಿನ ಹಣ್ಣು ಬಿದ್ದ ಸ್ಕೂಟರು. ತಲೆ ನರೆಯಿತು, ನಿವೃತ್ತಿ ಬಾಗಿಲಿಗೆ ಬಂತು, ಆದರೆ ಅವನ ಕೈಗೆ ಒಬ್ಬನೇ ಒಬ್ಬ ಕಳ್ಳ ಸಿಕ್ಕಿರಲಿಲ್ಲ. ಒಬ್ಬನನ್ನಾದರೂ ಹಿಡಿಯದೆ ಮನೆಗೆ ಹೋಗಿ ಕೂರುವುದು ಹೇಗೆ ಎಂಬುದೇ ಅವನ ಕೊರಗು. ಪುಣ್ಯವಂತರ ಸೀಮೆಯಲ್ಲಿ ಪತ್ತೇದಾರನಾಗಿ ಹುಟ್ಟುವುದಕ್ಕಿಂತ ದೊಡ್ಡ ಪಾಪ ಯಾವುದಿದೆ, ಹೇಳಿ!

ಅಂಥವನನ್ನು ಗೆಳೆಯನೊಬ್ಬ ಶಿರಸಿಯ ಸಿನಿಮಾ ಕೂಟಕ್ಕೆ ಎಳೆದೊಯ್ದ. ಯುರೋಪಿನ ಯಾವುದೋ ದೇಶದ ಹಳೆಯ ಕಪ್ಪುಬಿಳುಪು ಚಿತ್ರ. ಭಾಷೆ ತಿಳಿಯದು, ಕೆಳಗಿನ ಇಂಗ್ಲಿಷ್ ಸಾಲುಗಳು ಓದುವಷ್ಟರಲ್ಲಿ ಓಡಿಹೋಗುತ್ತಿದ್ದವು. ಆದರೆ ಕಥಾನಾಯಕ ವಿಮಾ ತನಿಖೆದಾರ! ಉದ್ದ ಕೋಟು, ಓರೆ ಟೋಪಿ, ತುಟಿಯಲ್ಲಿ ಸಿಗರೇಟು. ಒಡವೆ ಕಳುವಾಯಿತೆಂದು ಗೊಳೋ ಎಂದು ಅತ್ತ ಧಣಿಯೇ ಕಳ್ಳನೆಂದು ಅವನು ಕೊನೆಗೆ ತೋರಿಸಿಕೊಟ್ಟಾಗ ಶಂಭುಲಿಂಗ ಎದ್ದುನಿಂತು ಚಪ್ಪಾಳೆ ತಟ್ಟಿದ. ಪಕ್ಕದವರು ನಕ್ಕರು. ನಗಲಿ, ಅವರಿಗೇನು ಗೊತ್ತು?

ಮರುದಿನ ಸುಡುಬಿಸಿಲಿನಲ್ಲೇ ರೇನ್‌ಕೋಟು ಪೆಟ್ಟಿಗೆಯಿಂದ ಹೊರಬಂತು.

“ಈ ಬಿಸಿಲಾಗ ಇದನ್ಯಾಕ ಹಾಕ್ಕೊಂಡ್ರಿ? ಬೆಂದು ಹೋಗ್ತೀರಿ ನೋಡ್ರಿ,” ಎಂದಳು ಹೆಂಡತಿ ವಾಣಿಶ್ರೀ.

“ಕಳ್ಳನ್ನ ಹಿಡಿಯೂದೈತಿ,” ಎಂದು ಟೋಪಿಯನ್ನು ಓರೆ ಮಾಡಿಕೊಂಡು ಸ್ಕೂಟರ್ ಏರಿದ.

ಮಾಗೋಡಿನ ಮನೋಹರನ ಹೊಸ ಬೈಕು ಯಲ್ಲಾಪುರದ ಸಂತೆಯಲ್ಲಿ ಕಳುವಾಗಿ, ಪರಿಹಾರದ ಅರ್ಜಿ ಕಂಪನಿಗೆ ಬಂದಿತ್ತು. ಪೇಟೆಯಲ್ಲೇ ಭೇಟಿಯಾದ ಮನೋಹರ ಬೈಕಿನ ಮಾತೆತ್ತಿದ್ದೇ ತಡ ಕಣ್ಣೀರು ಹಾಕಿದ. ಶಂಭುಲಿಂಗನ ಎದೆ ಕುಣಿಯಿತು. ಸಿನಿಮಾದ ಧಣಿಯೂ ಹೀಗೇ ಅತ್ತಿದ್ದ!

ಆ ಕಡೆ ಹೋದಾಗಲೆಲ್ಲ ಚಂದಗುಳಿಯ ಗಂಟೆ ಗಣಪತಿಗೆ ಕೈಮುಗಿಯುವುದು ಶಂಭುಲಿಂಗನ ರೂಢಿ. ಬೇಡಿಕೊಂಡದ್ದು ಈಡೇರಿದ ಮೇಲೆ ಗಂಟೆ ತಂದು ಕಟ್ಟುವುದು ಅಲ್ಲಿಯ ಹರಕೆ; ಗುಡಿಯ ತುಂಬ ಗಂಟೆಯೋ ಗಂಟೆ. ಅವುಗಳ ನಡುವೆ ಫಳಫಳ ಹೊಳೆಯುವ ಹೊಸದೊಂದರ ಮೇಲೆ ಕೊರೆದಿತ್ತು: ಮಾಗೋಡು ಸುಬ್ಬಿ, ಮಗ ಮನೋಹರ.

“ಮೊನ್ನೆಯಷ್ಟೇ ಆ ತಾಯಿ ಬಂದು ಕಟ್ಟಿದ್ಲು. ಹರಕೆ ಫಲಿಸ್ತಂತೆ,” ಎಂದರು ಭಟ್ಟರು.

ಮಗನ ಬೈಕು ಹೋದ ಬೆನ್ನಲ್ಲೇ ತಾಯಿಯ ಹರಕೆ ಫಲಿಸಿದೆ! ಹಾಗಾದರೆ ಬೈಕು ಸಿಕ್ಕಿದೆ. ಬಚ್ಚಿಟ್ಟುಕೊಂಡು ಪರಿಹಾರ ಕೇಳುತ್ತಿದ್ದಾರೆ. ಶಂಭುಲಿಂಗ ಮಾಗೋಡಿಗೆ ಹಾರಿದ. ಮನೋಹರ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಬೆವರು ಸುರಿಸುತ್ತ ಹುಲ್ಲಿನ ಬಣವೆಗೆ ಕೋಲು ಚುಚ್ಚಿದ. ಕಾವಿಗೆ ಕೂತ ಕೋಳಿಯೊಂದು ಕೊಕ್ಕೊಕ್ಕೋ ಎಂದು ಅವನ ಟೋಪಿ ಕೆಡವಿ ಹಾರಿತು.

“ಎಂತ ಹುಡುಕ್ತ್ರಿ ಸಾಹೇಬ್ರೆ?” ಎನ್ನುತ್ತ ಸುಬ್ಬಿ ಹೊರಬಂದಳು.

“ಚಂದಗುಳ್ಯಾಗ ಗಂಟಿ ಯಾಕ ಕಟ್ಟೀರಿ? ಖರೇ ಹೇಳ್ರಿ!”

ಸುಬ್ಬಿಯ ಮುಖ ಸಪ್ಪಗಾಯಿತು. “ಮನೋಹರಂಗೆ ಹೇಳಬೇಡಿ. ಆ ಬೈಕು ಬಂದಾಗಿಂದ ನಂಗೆ ಅನ್ನ ಸೇರ್ಲಿಲ್ಲ. ಅವ ಬಿದ್ದು ಹಲ್ಲು ಮುರ್ಕಂಡ, ಕೈ ಮುರ್ಕಂಡ. ಹೇಳಿದ್ರೆ ಕೇಳುದಿಲ್ಲ. ಇರುದು ಒಬ್ನೇ ಮಗ. ‘ಗಣಪ್ಪಾ, ಅವನ್ನ ಬಿಡು, ಬೈಕು ತಕ್ಕೋ, ಗಂಟೆ ಕಟ್ತೆ’ ಅಂದೆ. ಮುಂದಿನ ಸಂತೆಗೇ ತಕ್ಕಂಡ! ಮಾತು ಕೊಟ್ಟಮೇಲೆ ಕಟ್ಟದೆ ಇರುಕಾಗ್ತದಾ?”

ಶಂಭುಲಿಂಗ ಜಗುಲಿಯ ಮೇಲೆ ಕೂತುಬಿಟ್ಟ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಹೆದರಿದ್ದ ಸುಬ್ಬಿಗೂ ನಗು ತಡೆಯಲಾಗಲಿಲ್ಲ.

“ಕಳುವು ಆಗಿದ್ದು ಖರೇ. ಪರಿಹಾರ ಬರತೈತ್ರಿ ತಾಯಿ, ಮತ್ತೊಂದು ಬೈಕ್ ತಂದಾನು,” ಎಂದ.

“ನಾ ಎಮ್ಮೆ ತರ್ಸ್ತೆ. ಅದ್ರ ಮೇಲೆ ಕೂತು ಹಾರಿಸ್ಲಿ ನೋಡ್ವಾ!”

ಸಂಜೆ ಮನೆಗೆ ಬಂದು ಕೋಟು ಬಿಚ್ಚುತ್ತಿದ್ದ ಗಂಡನನ್ನು ವಾಣಿಶ್ರೀ ಕೇಳಿದಳು: “ಸಿಕ್ಕನೇನ್ರಿ ಕಳ್ಳ?”

“ಸಿಕ್ಕ.”

“ಮತ್ತ ಹಿಡೀಲಿಲ್ಲ?”

“ಹೆಂಗ ಹಿಡೀಲೇ? ಕೈಮುಗದು ಬಂದೆ.”