ಹಾರ್ಮೋನಿಯಂ ಮೇಲಿನ ಅಂಗೈ

ಮೊನ್ನೆ ಮೊಮ್ಮಗಳು ಹಳೇ ಹಾರ್ಮೋನಿಯಂ ಒಂದನ್ನು ಮನೆಗೆ ತಂದು ಮುಚ್ಚಳ ತೆಗೆದಳು. ತಿದಿಯ ಚರ್ಮದ ವಾಸನೆ, ನುಸಿಗುಳಿಗೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಅವಳು ತಾನೇ ರಾಗ ಹಾಕಿದ ಹಾಡುಗಳಿಗೆ ತಾನೇ ಮುಂದೆ ನಿಂತು ಹಾಸನದಲ್ಲಿ ಆರ್ಕೆಸ್ಟ್ರಾ ನಡೆಸುತ್ತಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದವನು ನಾನು. ಅಂಥ ಹಿಗ್ಗೂ ಆ ವಾಸನೆಗೆ ಇಳಿದುಹೋಯಿತು... ನಮ್ಮ ಮೇಷ್ಟ್ರು ನೆನಪಾದರು.

ಚನ್ನರಾಯಪಟ್ಟಣದ ಸೈಕಲ್ ಶಾಪಿನ ಮೇಲಿನ ಕೋಣೆ ಅವರದು. ದಂಡಿಗನಹಳ್ಳಿಯವರ ನಾಟಕಕ್ಕೂ, ಭಜನೆಗೂ, ಎಲೆಕ್ಷನ್ ಜೀಪಿನ ಹಾಡಿಗೂ ರಾಗ ಹಾಕಿಕೊಟ್ಟವರು. ಆಮೇಲೆ ಆರ್ಕೆಸ್ಟ್ರಾ ಕಟ್ಟಿದರು. ಜನಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಬಿದಿರುಕಡ್ಡಿ ಆಡಿಸುತ್ತಿದ್ದರು. ಅಕ್ಷರ ಹತ್ತದ ನನಗೆ ಡೋಲಕ್ ಹತ್ತಿಸಿದವರೂ ಅವರೇ.

ಬರಬರುತ್ತಾ ಒಂದು ಹೊಸ ರೂಢಿ ಬಂತು. ಪ್ರತಿ ಹಾಡಿಗೆ ಮುಂಚೆ, ಶ್ರುತಿ ಹಿಡಿದ ಹಾರ್ಮೋನಿಯಂ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು. ದೇವರಿಗೆ ನಮಸ್ಕಾರ ಮಾಡುತ್ತಾರೆ ಅಂದುಕೊಂಡು ನಾವೂ ಒಬ್ಬೊಬ್ಬರಾಗಿ ಅಂಗೈ ಊರತೊಡಗಿದೆವು. ಊರದೆ ಯಾರೂ ವಾದ್ಯ ಮುಟ್ಟುತ್ತಿರಲಿಲ್ಲ.

ಹೊಳೆನರಸೀಪುರದ ಮದುವೆಯೊಂದರಲ್ಲಿ ಅವರ ಬೆನ್ನ ಹಿಂದೆಯೇ ಪಟಾಕಿ ಸರ ಸಿಡಿಯಿತು. ನಾವೆಲ್ಲ ಬೆಚ್ಚಿಬಿದ್ದೆವು. ಅವರು ತಿರುಗಲೂ ಇಲ್ಲ.

"ಮೇಷ್ಟ್ರ ಗುಂಡಿಗೆ ನೋಡ್ಲಾ, ಕಬ್ಬಿಣ ಕಣ," ಎಂದ ಕ್ಲಾರಿನೆಟ್‌ನವನು.

"ನಿನ್ನ ಅಪಸ್ವರ ಕೇಳಿ ಕೇಳಿ ಗಟ್ಟಿಯಾಗೋಗದೆ ಬುಡ್ಲಾ," ಎಂದೆ.

ನಕ್ಕೆವು. ನನ್ನ ನಗು ಅರ್ಧಕ್ಕೇ ನಿಂತಿತು. ಭುಜದ ಮೇಲೆ ಬಿದ್ದ ಸುಟ್ಟ ಕಾಗದದ ಚೂರು ಹಿಡಿದು, ಇದೆಲ್ಲಿಂದ ಬಂತು ಅಂತ ಅವರು ಆಕಾಶ ನೋಡುತ್ತಿದ್ದರು...

ಆಮೇಲೆ ಅರಕಲಗೂಡು. ಮಧ್ಯಾಹ್ನದ ಕಾರ್ಯಕ್ರಮ, ಹಾಡಿನ ನಡುವೆ ಕರೆಂಟ್ ಹೋಯಿತು. ಮೈಕು, ಕೀಬೋರ್ಡು ಸತ್ತವು. ಹಾಡುವವನು ನಿಲ್ಲಿಸಿದ, ಹಾರ್ಮೋನಿಯಂನವನೂ ಕೈಬಿಟ್ಟ. ಮೇಷ್ಟ್ರ ಕಡ್ಡಿ ಮಾತ್ರ ನಿಲ್ಲಲಿಲ್ಲ. ಜನರಲ್ಲಿ ಯಾರೋ ನಕ್ಕರು. ಅವರು ಕಣ್ಣು ಮುಚ್ಚಿಯೇ ಚರಣ ಮುಗಿಸಿ ಪಲ್ಲವಿಗೆ ಬಂದರು. ತಡೆಯಲಾರದೆ ನಾನೊಬ್ಬನೇ ಆ ಕಡ್ಡಿಗೆ ತಕ್ಕ ಹಾಗೆ ಡೋಲಕ್ ಬಾರಿಸಿದೆ.

ಮುಗಿಸಿ, ಮುಂದಿನ ಹಾಡಿಗೆ ಹಾರ್ಮೋನಿಯಂ ಮೇಲೆ ಅಂಗೈ ಊರಿದರು. ಮರ ಅದುರಲಿಲ್ಲ. ಆಗ ನಮ್ಮ ಮುಖಗಳನ್ನು ನೋಡಿದರು.

"ಯಾವಾಗ ನಿಂತೋಯ್ತಲಾ?" ಎಂದು ನನ್ನನ್ನು ಕೇಳಿದರು.

ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕಿವಿ ಯಾವಾಗಲೋ ಹೋಗಿತ್ತು. ಆ ಅಂಗೈ ದೇವರಿಗಲ್ಲ, ಮರದ ಅದುರಿನಲ್ಲಿ ಶ್ರುತಿ ಹುಡುಕುವುದಕ್ಕೆ ಅಂತ ಗೊತ್ತಾಗದೆ ನಾವು ಅದನ್ನು ಪದ್ಧತಿ ಮಾಡಿಕೊಂಡಿದ್ದೆವು. ಆ ಕಡ್ಡಿಯನ್ನು ಅವರು ಮತ್ತೆ ಹಿಡಿಯಲಿಲ್ಲ. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು... ಪದ್ಧತಿ ಮಾತ್ರ ಬಿಡಲಾಗದೆ ಮೊಮ್ಮಗಳಿಗೂ ಕಲಿಸಿದೆ.

ನಿನ್ನೆ ಸಂಜೆ ಅವಳು ವೇದಿಕೆಯ ಮೇಲೆ ನಮಗೆ ಬೆನ್ನು ಮಾಡಿ ನಿಂತು, ಹಾರ್ಮೋನಿಯಂ ಮೇಲೆ ಅಂಗೈ ಊರಿದಳು. ಮೊದಲ ಸಾಲಿನಲ್ಲಿ ಬೀಗುತ್ತಾ ಕೂತಿದ್ದ ನನಗೆ, ಇವಳ ಕಿವಿಯೂ ಹೋಗಿದ್ದರೆ ಅನ್ನಿಸಿಬಿಟ್ಟಿತು. ಎದ್ದುಹೋಗಿ, ಹಿಂದಿನಿಂದ, ಪಿಸುದನಿಯಲ್ಲಿ, "ಅವ್ವಾ," ಎಂದೆ.

ತಟ್ಟನೆ ತಿರುಗಿದಳು. "ಸುಮ್ನೆ ಹೋಗಿ ಕೂತ್ಕೋ ತಾತ, ಶುರುವಾಯ್ತು."

ಬೈಸಿಕೊಂಡು ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಕೂರಲಿಲ್ಲ. ವೇದಿಕೆಯ ಹಲಗೆಯ ಮೇಲೆ ಅಂಗೈ ಊರಿ ನಿಂತೆ. ಹಲಗೆ ಅದುರುತ್ತಿತ್ತು... ಅಲ್ಲಿ ಇನ್ನೊಂದು ಅಂಗೈ ಇರಬೇಕಿತ್ತು.