ನಡುಮನೆಯ ಗಗನನೌಕೆ

ಕಳೆದ ತಿಂಗಳು ನಮ್ಮ ಮನೆಯ ಸಂಪಿನ ಮೋಟಾರು ಸುಟ್ಟುಹೋಯಿತು. ರೀವೈಂಡಿಂಗ್ ಮಾಡಿಸಲು ಪೀಣ್ಯದ ಗಲ್ಲಿಯೊಂದರಲ್ಲಿದ್ದ ಸಣ್ಣ ಅಂಗಡಿಗೆ ಹೋದೆ. ಯಾರೋ ಆಗಷ್ಟೇ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷಿನಲ್ಲಿ ಅದ್ದಿ ಒಣಗಲು ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಂಗಡಿಯ ಹುಡುಗ ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಅದು ನನ್ನ ಚಿಕ್ಕಮ್ಮನ ಕೈಯ ವಾಸನೆ. ಎಷ್ಟು ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ತಲೆ ಬಾಚುವಾಗ, ಮುದ್ದೆ ಬಡಿಸುವಾಗ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗ…

ಆದರೆ ನಾನು ಹೇಳಹೊರಟಿರುವುದು ಆ ವಾಸನೆ ಅವಳ ಕೈಗೆ ಅಂಟುವುದಕ್ಕಿಂತ ಮುಂಚಿನ ಮಾತು.

ನಮ್ಮದು ಪೀಣ್ಯದ ಹಳೆಯ ಊರಿನ ಮನೆ. ಸುತ್ತಲಿನ ರಾಗಿ ಹೊಲಗಳು ಒಂದೊಂದಾಗಿ ಶೆಡ್ಡುಗಳಾಗುತ್ತಿದ್ದ ಕಾಲ. ಅಪ್ಪನಿಗೆ ಉಳಿದಿದ್ದ ಚೂರು ಹೊಲ ಮತ್ತು ಹಸುಗಳೇ ಪ್ರಪಂಚ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ. ಒಮ್ಮೆ ಅಪ್ಪ ನೆಂಟರ ಮದುವೆಗೆಂದು ಬೇರೆ ಊರಿಗೆ ಹೋಗಿದ್ದಾಗ, ಮನೆಯ ಗೋಡೆಗೇ ಅಂಟಿಕೊಂಡಿದ್ದ ಕೊಟ್ಟಿಗೆಯನ್ನು ಚಿಕ್ಕಪ್ಪ ಪವರ್ ಪ್ರೆಸ್ ಹಾಕುವವರೊಬ್ಬರಿಗೆ ಬಾಡಿಗೆಗೆ ಕೊಟ್ಟುಬಿಟ್ಟ. ಅಪ್ಪ ವಾಪಸು ಬಂದು ನೋಡಿದರೆ ಹಸುಗಳು ಹೊಂಗೆ ಮರದ ಕೆಳಗೆ ನಿಂತಿವೆ, ಕೊಟ್ಟಿಗೆಯಲ್ಲಿ ತಗಡು ಒತ್ತುವ ಯಂತ್ರ ಕೂತಿದೆ. ಅವತ್ತು ಕೂಗಾಟವೇನೂ ನಡೆಯಲಿಲ್ಲ. ನಡೆದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಪ್ಪ ತಮ್ಮನ ಜೊತೆ ಮಾತು ಬಿಟ್ಟ, ಅಷ್ಟೆ. ಚಿಕ್ಕಪ್ಪನೂ ಬಿಟ್ಟ.

ಒಂದೇ ಸೂರು, ಒಂದೇ ಒಲೆ. ಹಾಗಾಗಿ ಆಡಲೇಬೇಕಾದ ಮಾತುಗಳು ಇರುತ್ತಿದ್ದವು. ಅವೆಲ್ಲ ನನ್ನ ಮೂಲಕ ಹೋಗಬೇಕಿತ್ತು. ಮನೆಗೆ ನಾನೊಬ್ಬಳೇ ಮಗು. ಬಾವಿಯ ಹಗ್ಗ ಸವೆದಿದೆ ಅಂತ ನಿಮ್ಮ ಚಿಕ್ಕಪ್ಪನಿಗೆ ಹೇಳು ಎಂದು ಅಪ್ಪ ಹೇಳುತ್ತಿದ್ದ. ಚಿಕ್ಕಪ್ಪ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಊಟಕ್ಕೆ ಕೂತಿರುತ್ತಿದ್ದ. ಅವನಿಗೆ ಕೇಳಿಸಿರುತ್ತಿತ್ತು. ಆದರೂ ನಾನು ತಿರುಗಿ ಹೇಳುವವರೆಗೂ ಅವನು ತಲೆ ಎತ್ತುತ್ತಿರಲಿಲ್ಲ. ಸವೆದಿದ್ದರೆ ಸವೆಯಲಿ ಅಂತ ನಿಮ್ಮಪ್ಪನಿಗೆ ಹೇಳು ಎಂಬ ಉತ್ತರ ಬರುತ್ತಿತ್ತು. ಅದನ್ನೂ ನಾನೇ ದಾಟಿಸಬೇಕು. ಬಿರುಸಾಗಿ ಹೇಳಿದರೆ ಅಮ್ಮ ಗದರುತ್ತಿದ್ದಳು, ಮೆತ್ತಗೆ ಹೇಳಿದರೆ ಸರಿಯಾಗಿ ಹೇಳು ಎಂದು ಅಪ್ಪ. ನನಗೆ ಆಗ ಒಂಬತ್ತೋ ಹತ್ತೋ ವರ್ಷ.

ಚಿಕ್ಕಮ್ಮ ಇಂಥ ಮನೆಗೆ ಸೊಸೆಯಾಗಿ ಬಂದಳು. ಅವಳದು ಅತ್ತಿಬೆಲೆ ಕಡೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮದುವೆಯಲ್ಲಿ ತವರಿನಿಂದ ಬಂದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಳೆಯ ಮಾಸಪತ್ರಿಕೆಗಳ ಕಟ್ಟು ಇತ್ತು. ಅವುಗಳಲ್ಲಿ ಬೇರೆ ಗ್ರಹಗಳಿಗೆ ಹೋಗುವವರ ಕಥೆಗಳು, ಸತ್ತವರು ಎದ್ದು ಬರುವ ಕಥೆಗಳು ಇದ್ದವು. ಅವಳು ನೋಡಲು ಬಹಳ ಮೆತ್ತಗಿನ ಹೆಂಗಸು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅಪ್ಪ ಒಳಗೆ ಬಂದರೆ ಅವಳು ಬಾಗಿಲ ಹಿಂದಕ್ಕೆ ಸರಿಯುತ್ತಿದ್ದಳು. ಭಾವ ಕಾಫಿ ಕುಡಿತಾರಾ ಕೇಳು ಎಂದು ಅವಳೂ ನನ್ನ ಕೈಲೇ ಕೇಳಿಸುತ್ತಿದ್ದಳು.

ಆದರೆ ಅವಳು ಬಂದ ಕೆಲವೇ ವಾರಗಳಲ್ಲಿ ಬೇರೆ ಯಾರಿಗೂ ಕಾಣದ್ದು ಅವಳಿಗೆ ಕಂಡಿತು. ನನಗೆ ಹೊಟ್ಟೆನೋವು ಬರುತ್ತಿತ್ತು. ಅಮ್ಮ ಓಮದ ನೀರು ಕುಡಿಸುತ್ತಿದ್ದಳು, ಅಜ್ಜಿ ದೃಷ್ಟಿ ತೆಗೆಯುತ್ತಿದ್ದಳು. ಆ ನೋವು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಹೊತ್ತಿಗೇ ಬರುತ್ತದೆ, ಬೇರೆ ಹೊತ್ತಿನಲ್ಲಿ ಬರುವುದಿಲ್ಲ ಎಂಬುದನ್ನು ಕಂಡುಹಿಡಿದವಳು ಚಿಕ್ಕಮ್ಮ. ನಾನು ಸೊರಗುತ್ತಾ ಬಂದಿದ್ದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಒಂದು ದಿನ ತಲೆ ಸುತ್ತಿ ಬಿದ್ದೂ ಇದ್ದೆ.

ಆಕಾಶದಲ್ಲಿ ಸುತ್ತುತ್ತಿದ್ದ ಯಾವುದೋ ದೊಡ್ಡ ಯಂತ್ರ ಕೆಟ್ಟು ಭೂಮಿಯ ಮೇಲೆ ಬೀಳುತ್ತದೆಂದು ಊರೆಲ್ಲ ಗುಲ್ಲೆದ್ದ ವರ್ಷ ಅದು. ಅದು ಎಲ್ಲೋ ದೂರದಲ್ಲಿ ಬಿತ್ತು, ನಮ್ಮ ತಲೆ ಉಳಿಯಿತು. ಆದರೂ ನನಗೆ ಅದೇ ಯೋಚನೆ. ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ನನ್ನ ಪಕ್ಕ ಕೂತು, ಆ ಯಂತ್ರದ ಒಳಗೆ ನಾವೇ ಇದ್ದಿದ್ದರೆ ಏನು ಮಾಡುತ್ತಿದ್ದೆವು ಎಂದು ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗಲೇ ರಂಗೋಲಿ ಡಬ್ಬಿ ತಂದು ನಡುಮನೆಯ ಕೆಂಪು ನೆಲದ ಮೇಲೆ ಗೆರೆ ಎಳೆಯಲು ಶುರುಮಾಡಿದಳು. ಕೋಣೆಗಳು, ಓಣಿಗಳು, ಬಾಗಿಲುಗಳು. ಅದು ನಮ್ಮ ಗಗನನೌಕೆ.

ಅಮ್ಮ, ಅಜ್ಜಿಯೂ ಬಂದು ಕೂತರು. ನಾವೆಲ್ಲ ಹುಣಸೆಬೀಜಗಳು. ಕವಡೆ ಎಸೆದು ನಡೆಯಬೇಕು. ಹಿತ್ತಾಳೆ ಬಟ್ಟಲಲ್ಲಿದ್ದ ಅವರೆಕಾಳು ನಮ್ಮ ಉಸಿರು. ಒಂದೊಂದು ಸುತ್ತಿಗೂ ಒಂದೊಂದು ಕಾಳು ಖಾಲಿಯಾಗುತ್ತದೆ. ಇನ್ನು ನೌಕೆಯೊಳಗೆ ನಮಗೆ ಗೊತ್ತಿಲ್ಲದೆ ಬಂದು ಸೇರಿಕೊಂಡಿರುವುದೊಂದು ಇತ್ತು. ಸುಟ್ಟ ತೆಂಗಿನ ಚಿಪ್ಪಿನ ಚೂರು. ಅದಕ್ಕೆ ಚಿಕ್ಕಮ್ಮ ಹೆಸರೇ ಇಡಲಿಲ್ಲ, "ಅದು" ಎಂದಷ್ಟೇ ಕರೆಯುತ್ತಿದ್ದಳು. ಅದು ಯಾವ ಕೋಣೆಗೆ ಕಾಲಿಟ್ಟರೂ ಅವಳು ಆ ಕೋಣೆಯ ರಂಗೋಲಿಯನ್ನು ಅಂಗೈಯಿಂದ ಸರಕ್ಕನೆ ಒರೆಸಿಬಿಡುತ್ತಿದ್ದಳು. ಅಲ್ಲಿ ಕೋಣೆಯೇ ಇರುತ್ತಿರಲಿಲ್ಲ. ಕಿಟಕಿ ಮುಚ್ಚಿ, ದೀಪ ಆರಿಸಿ ಆಡುತ್ತಿದ್ದೆವು. ಪೀಣ್ಯದ ಶೆಡ್ಡುಗಳಿಗೆ ಭಾನುವಾರ ರಜೆ ಎಂದೇನೂ ಇರಲಿಲ್ಲ. ಗೋಡೆಯಾಚೆ ಕೊಟ್ಟಿಗೆಯಲ್ಲಿ ಪ್ರೆಸ್ಸು ಧಡ್ ಧಡ್ ಎಂದು ಬಡಿಯುವಾಗ ಚಿಕ್ಕಮ್ಮ ದನಿ ತಗ್ಗಿಸಿ, ಹತ್ತಿರ ಬರ್ತಾ ಇದೆ ಎನ್ನುತ್ತಿದ್ದಳು. ಅಮ್ಮ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಹೆದರುತ್ತಿದ್ದದ್ದು ಅಮ್ಮನೇ.

ನನಗೆ ಹೊಸದಾಗಿ ಕಂಡದ್ದೆಂದರೆ, ಈ ಆಟದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದು ಇರಲಿಲ್ಲ. ಚೌಕಾಬಾರದಲ್ಲಿ ಅಜ್ಜಿ ನನ್ನ ಕಾಯಿ ಕಡಿದು ನಗುತ್ತಿದ್ದಳು. ಇಲ್ಲಿ ನನ್ನನ್ನು "ಅದು" ಹಿಡಿದರೆ ಅಜ್ಜಿಯೇ ವಾಪಸು ಬಂದು ಬಿಡಿಸಬೇಕು. ಉಳಿದರೆ ಎಲ್ಲರೂ, ಹೋದರೆ ಎಲ್ಲರೂ. ಅಜ್ಜಿಗೆ ಉಸಿರಿನ ಬಟ್ಟಲು ಕಾಯುವ ಕೆಲಸ ಸಿಕ್ಕಿತು. ಒಂದು ಕಾಳೂ ಹೆಚ್ಚುಕಡಿಮೆಯಾಗದಂತೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಚಿಕ್ಕಪ್ಪ ಎರಡನೆಯ ಭಾನುವಾರವೇ ಬಂದು ಸೇರಿಕೊಂಡ. ಅಪ್ಪ ಮಾತ್ರ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು ಬೀಡಿ ಸೇದುತ್ತಿದ್ದ. ಆದರೆ ಕಿವಿ ಒಳಗೇ ಇತ್ತು. ಸ್ವಲ್ಪ ದಿನದಲ್ಲಿ ತಡೆಯಲಾರದೆ, ಹಿಂದಲ ಕೋಣೆಗೆ ಹೋಗಬೇಡ ಅಂತ ನಿಮ್ಮಮ್ಮನಿಗೆ ಹೇಳು ಎಂದು ಹೊರಗಿನಿಂದಲೇ ಕೂಗತೊಡಗಿದ. ಆಮೇಲೆ ಹೊಸ್ತಿಲಿಗೆ ಬಂದ. ಕೊನೆಗೆ ಒಳಗೆ.

ಅವತ್ತು ಚಿಕ್ಕಮ್ಮ ಆಟಕ್ಕೆ ಹೊಸದೊಂದು ಸೇರಿಸಿದಳು. ನೌಕೆ ಕಲ್ಲುಗಳ ಮಳೆಯೊಳಗೆ ಸಿಕ್ಕಿಕೊಂಡಿದೆ. ನಡೆಸುವವನು ಗೋಡೆಗೆ ಮುಖ ಮಾಡಿ ಕೂರಬೇಕು, ಅವನಿಗೆ ಏನೂ ಕಾಣುವುದಿಲ್ಲ. ಕಿಟಕಿಯಲ್ಲಿರುವವನಿಗೆ ಎಲ್ಲ ಕಾಣುತ್ತದೆ, ಆದರೆ ಅವನು ಏನನ್ನೂ ಮುಟ್ಟುವಂತಿಲ್ಲ. ಎತ್ತಿನ ಗಾಡಿ ಹೊಡೆದು ಪಳಗಿದವನೆಂದು ಅಪ್ಪನನ್ನು ನಡೆಸಲು ಕೂರಿಸಿದಳು. ಕಿಟಕಿಗೆ ಚಿಕ್ಕಪ್ಪ. ಮಾತನ್ನು ನೇರವಾಗಿಯೇ ಹೇಳಬೇಕು, ಬೇರೆಯವರ ಬಾಯಲ್ಲಿ ಹೇಳಿಸಿದರೆ ಪ್ರತಿ ಸಲವೂ ಒಂದು ಹಿಡಿ ಉಸಿರು ಖರ್ಚು ಎಂದಳು. ಇದನ್ನೆಲ್ಲ ಅವಳು ನನ್ನ ಕಡೆ ನೋಡಿಕೊಂಡೇ ಹೇಳಿದಳು.

ಏನಾಗಬೇಕಿತ್ತೋ ಅದೇ ಆಯಿತು. ಎಡಕ್ಕೋ ಬಲಕ್ಕೋ ಕೇಳು ಎಂದು ಅಪ್ಪ ನನಗೆ ಹೇಳಿದ. ಅಜ್ಜಿ ಒಂದು ಹಿಡಿ ಕಾಳು ತೆಗೆದಳು. ಬಲಕ್ಕೆ ಅಂತ ಹೇಳು ಎಂದ ಚಿಕ್ಕಪ್ಪ. ಇನ್ನೊಂದು ಹಿಡಿ. ಬಟ್ಟಲು ಬರಿದಾಯಿತು, ನಾವೆಲ್ಲ ಸತ್ತೆವು. ಮತ್ತೆ ಶುರುಮಾಡಿದೆವು, ಮತ್ತೆ ಸತ್ತೆವು. ಮುಂದಿನ ಭಾನುವಾರವೂ ಅದೇ ಕಥೆ. ಕೊನೆಗೆ ಅಜ್ಜಿ ಖಾಲಿ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮಿಬ್ಬರ ದೆಸೆಯಿಂದ ನಾನು ಇನ್ನೆಷ್ಟು ಸಲ ಸಾಯ್ಲಿ? ಒಂದೇ ಹೊಟ್ಟೇಲಿ ಹುಟ್ದೋರಲ್ವೇನ್ರೋ?"

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಇದು ಮಕ್ಕಳಾಟ ಅಂತ ಹೇಳು ನಿಮ್ಮ ಚಿಕ್ಕಮ್ಮನಿಗೆ ಎಂದು ನನಗೆ ಹೇಳಿದ. ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಹೊಟ್ಟೆ ಹಿಡಿದುಕೊಂಡೆ ಅಂತ ನೆನಪು.

ಆಗ ಚಿಕ್ಕಮ್ಮ ಎದ್ದು ನಿಂತಳು. ಬಾಗಿಲ ಹಿಂದಕ್ಕೆ ಹೋಗಲಿಲ್ಲ. ಸೆರಗು ಹೊದ್ದುಕೊಂಡು ಅಪ್ಪನ ಎದುರಿಗೇ ಬಂದಳು.

"ಭಾವ, ನನ್ನ ಮಾತು ನಾನೇ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಈ ಮಗು ಊಟ ಬಿಟ್ಟು ಎಷ್ಟು ದಿನ ಆಯ್ತು ಅಂತ ನೋಡಿದ್ದೀರಾ? ನಿಮ್ಮ ನಿಮ್ಮ ಮಾತೆಲ್ಲ ಇವಳ ಹೊಟ್ಟೇಲಿ ಕೂತಿದೆ. ಇವಳಿಗೆ ಇನ್ನು ಹೊರೋಕಾಗಲ್ಲ."

ಗೋಡೆಯಾಚೆ ಪ್ರೆಸ್ಸು ಬಡಿಯುತ್ತಲೇ ಇತ್ತು. ಆ ಮನೆಯಲ್ಲಿ ಅಪ್ಪನಿಗೆ ಎದುರು ನಿಂತು ಹಾಗೆ ಮಾತಾಡಿದವರನ್ನು ನಾನು ನೋಡಿರಲಿಲ್ಲ. ಅಪ್ಪ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ನನ್ನ ತೋಳು, ಕೆನ್ನೆ… ಮೊದಲ ಸಲ ನೋಡುವವನ ಹಾಗೆ. ಆಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಅಜ್ಜಿ ಅವಸರವಸರವಾಗಿ ಕಾಳನ್ನೆಲ್ಲ ಬಟ್ಟಲಿಗೆ ತುಂಬಿದಳು. ಚಿಕ್ಕಮ್ಮ ಕಲ್ಲುಗಳನ್ನು ಹರಡಿದಳು.

ಗೋಡೆಯ ಕಡೆಯಿಂದ ಅಪ್ಪನ ದನಿ ಬಂತು.

"ಎಡಕ್ಕೋ ಬಲಕ್ಕೋ, ಹೇಳೋ."

ಚಿಕ್ಕಪ್ಪ ಕಲ್ಲುಗಳ ಕಡೆ ಬಗ್ಗಿದ. "ಎಡಕ್ಕಣ್ಣ," ಅಂದ. "ಎಡಕ್ಕೆ. ನಿಧಾನಕ್ಕೆ ತಗೋ."

ಅವತ್ತು ನಾವು ಬದುಕಿದೆವು. ಕಲ್ಲುಗಳ ಮಳೆ ದಾಟಿ, ಬಟ್ಟಲಲ್ಲಿ ಇನ್ನೂ ಕಾಳು ಉಳಿದಿರುವಾಗಲೇ, ಆಚೆ ಬಂದೆವು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಾಳಾದ್ದು ಹೊಗೆ ಎಂದಳು. ಒಲೆ ಯಾವಾಗಲೋ ಆರಿತ್ತು.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಅಣ್ಣತಮ್ಮಂದಿರು ಆಟದೊಳಗೆ ಮಾತ್ರ ಮಾತಾಡುತ್ತಿದ್ದರು. ಕಿಟಕಿ ತೆಗೆದ ತಕ್ಷಣ ಇಬ್ಬರೂ ಬಿಗಿದುಕೊಳ್ಳುತ್ತಿದ್ದರು. ಆದರೆ ನನ್ನ ಕೈಲಿ ಹೇಳಿ ಕಳಿಸುವುದನ್ನು ಅಪ್ಪ ಅವತ್ತೇ ನಿಲ್ಲಿಸಿದ. ಹೇಳಬೇಕಾದ್ದಿದ್ದರೆ ಗಾಳಿಯಲ್ಲಿ ಹೇಳುತ್ತಿದ್ದ, ಯಾರಿಗೆ ಎಂದು ಹೇಳದೆ. ಆಮೇಲೆ ಒಂದು ಬೆಳಗ್ಗೆ ಹಸು ಈಯಲು ಕಷ್ಟಪಡುತ್ತಿದ್ದಾಗ ತಮ್ಮನ ಹೆಸರು ಹಿಡಿದು ಕೂಗಿದ. ಚಿಕ್ಕಪ್ಪ ಕಾರ್ಖಾನೆಗೆ ಹೊರಟಿದ್ದವನು ಯೂನಿಫಾರಮ್ಮಿನಲ್ಲೇ ಓಡಿದ. ಆ ಬೇಸಿಗೆಯಲ್ಲಿ ಇಬ್ಬರೂ ಸೇರಿ ಹಿತ್ತಲಲ್ಲಿ ಹೊಸ ಕೊಟ್ಟಿಗೆ ಕಟ್ಟಿದರು. ನಾನು ಉಣ್ಣತೊಡಗಿದೆ. ಅಮ್ಮನ ಓಮದ ಡಬ್ಬಿ ಅಟ್ಟ ಸೇರಿತು.

ಆಟ ಆಮೇಲೂ ವರ್ಷಗಟ್ಟಲೆ ನಡೆಯಿತು. ನೌಕೆ ಮುಗಿದ ಮೇಲೆ ಚಿಕ್ಕಮ್ಮ ಮಂಗಳ ಗ್ರಹದ ಮೇಲೆ ಪಾಳುಬಿದ್ದ ಊರೊಂದನ್ನು ಬರೆದಳು, ಸಮುದ್ರದ ತಳದಲ್ಲೊಂದು ಮನೆ ಬರೆದಳು. ಬೀದಿಯ ಮಕ್ಕಳೂ ಬಂದರು. ಅವರಮ್ಮಂದಿರು ಕರೆಯಲು ಬಂದು ತಾವೂ ಕೂತುಬಿಡುತ್ತಿದ್ದರು. ಇದನ್ನು ಯಾರು ಕಲಿಸಿದ್ದು ಎಂದು ಕೇಳಿದರೆ, ನಮ್ಮ ಚಿಕ್ಕಮ್ಮನೇ ಮಾಡಿದ್ದು ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಬೇರೆ ಹುಡುಗಿಯರ ಚಿಕ್ಕಮ್ಮಂದಿರು ಕಸೂತಿ ಹಾಕುತ್ತಿದ್ದರು, ಹಪ್ಪಳ ಒತ್ತುತ್ತಿದ್ದರು. ನನ್ನವಳು ಇಡೀ ಲೋಕಗಳನ್ನೇ ಮಾಡುತ್ತಿದ್ದಳು.

ಹತ್ತಿರದಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವ ಕಾರ್ಖಾನೆಯೊಂದು ಶುರುವಾಗಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳತೊಡಗಿದಾಗ ಚಿಕ್ಕಮ್ಮ ಹೋಗುತ್ತೇನೆಂದಳು. ಸೊಸೆ ಕಾರ್ಖಾನೆಗೆ ಹೋಗುವುದೇ ಎಂದು ಅಜ್ಜಿ ಹಿಂದೆಮುಂದೆ ನೋಡಿದಳು. ಹೋಗಲಿ ಬಿಡು ಎಂದದ್ದು ಅಪ್ಪ. ಅವಳು ಅಲ್ಲಿಗೆ ಸೇರಿದಳು, ವರ್ಷಗಳು ಕಳೆದಂತೆ ಒಂದು ಸಾಲಿನ ಹೆಂಗಸರಿಗೆಲ್ಲ ಮೇಲ್ವಿಚಾರಕಿಯಾದಳು. ಸಂಜೆ ಮನೆಗೆ ಬಂದಾಗ ಕೈಯಲ್ಲಿ ವಾರ್ನಿಷಿನ ವಾಸನೆ. ಅವಳಿಗೆ ಇಬ್ಬರು ಗಂಡುಮಕ್ಕಳಾದರು. ನಾನು ಓದಿ, ಟೀಚರಾಗಿ, ಮದುವೆಯಾಗಿ ಬೇರೆ ಕಡೆ ಹೋದೆ. ಹಳೆಯ ಮನೆ ಬಿದ್ದು ಮೂರಂತಸ್ತಿನ ಕಟ್ಟಡವೆದ್ದಿತು. ಅಜ್ಜಿ ಹೋದಳು, ಆಮೇಲೆ ಅಮ್ಮ…

ಚಿಕ್ಕಮ್ಮ ಹೋಗಿ ಮೊನ್ನೆಗೆ ವರ್ಷ ತುಂಬಿತು. ತಿಥಿಯ ದಿನ ಅಪ್ಪ ಮತ್ತು ಚಿಕ್ಕಪ್ಪ ಗೋಡೆಗೊರಗಿ ಪಕ್ಕಪಕ್ಕದಲ್ಲಿ ಕೂತಿದ್ದರು. ಅಪ್ಪನಿಗೆ ಈಗ ಕಿವಿ ಕೇಳುವುದಿಲ್ಲ, ಚಿಕ್ಕಪ್ಪ ಅವನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದ. ನಾನು ಹತ್ತಿರ ಹೋದಾಗ ಅಪ್ಪ ನನ್ನ ಕೈ ಹಿಡಿದು, "ಈ ಮನೇಲಿ ಧೈರ್ಯ ಅಂತ ಇದ್ದದ್ದು ಅವಳೊಬ್ಬಳಿಗೇ ಕಣಮ್ಮ," ಎಂದ. ತಮ್ಮನ ಹೆಂಡತಿಯ ಬಗ್ಗೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅದನ್ನು ಕೇಳಬೇಕಿತ್ತು.

ಊಟದ ಹೊತ್ತಿಗೆ ಅವಳ ಕೈಕೆಳಗೆ ಕೆಲಸ ಮಾಡಿದ್ದ ಹೆಂಗಸರು ಬಂದರು. ತಲೆ ನೆರೆತವರು, ಮೊಮ್ಮಕ್ಕಳ ಕೈ ಹಿಡಿದುಕೊಂಡವರು. ನಾನೇ ನಿಂತು ಬಡಿಸುತ್ತಿದ್ದೆ. ಅವರಲ್ಲೊಬ್ಬಾಕೆ ಎಲೆಯಿಂದ ತಲೆ ಎತ್ತಿ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ಭಾವನ ಮಗಳು ಎಂದು ಬಾಯಿಗೆ ಬಂತು. ಅದನ್ನು ಹೇಳಲಿಲ್ಲ.

"ಮಗಳು," ಎಂದೆ.

ಆಕೆ ತಲೆಯಾಡಿಸಿ ಊಟ ಮುಂದುವರಿಸಿದಳು. ನಾನು ಅನ್ನದ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.